ಸಾಸಿವೆ ಡಬ್ಬಿ ಮತ್ತು ಎರಡು ಲಕ್ಷ ಮೈಲಿ

2023ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಫೋನ್ ನೋಡಿದೆ. ನಾನು ಏಳು ವರ್ಷದಿಂದ ಮೈಲಿ ಕೂಡಿಡುತ್ತಿದ್ದ ವಿಮಾನ ಕಂಪನಿಯ ಇಮೇಲ್ ಬಂದಿತ್ತು. ಮೈಲಿ ಎಂದರೆ ಹಾರಿದ್ದಕ್ಕೆ ಕಂಪನಿ ನಮ್ಮ ಖಾತೆಗೆ ಹಾಕುವ ಅಂಕ, ಸಾಕಷ್ಟು ಸೇರಿದರೆ ಅದನ್ನೇ ಕೊಟ್ಟು ಟಿಕೆಟ್ ತೆಗೆಯಬಹುದು. ಮೊದಲ ಎರಡು ಪ್ಯಾರಾ ಬರೀ ಧನ್ಯವಾದ. ವಿಷಯ ಮೂರನೆಯದರಲ್ಲಿತ್ತು. ಅಮೆರಿಕಕ್ಕೆ ಬಿಸಿನೆಸ್ ಕ್ಲಾಸಿನ ಒಂದು ಸೀಟಿಗೆ ಇನ್ನು 75,000 ಮೈಲಿ ಸಾಲದು, ಇವತ್ತಿನಿಂದಲೇ 90,000 ಬೇಕು. ತಕ್ಷಣ ಖಾತೆ ತೆರೆದೆ. 2,14,000 ಮೈಲಿ ಹಾಗೇ ಇತ್ತು, ಒಂದೂ ಅಲ್ಲಾಡಿರಲಿಲ್ಲ. ಆದರೆ ಹಿಂದಿನ ರಾತ್ರಿ ಎರಡು ಸೀಟು ತೆಗೆದುಕೊಂಡಿದ್ದರೆ 64,000 ಉಳಿಯುತ್ತಿತ್ತು. ಈಗ ತೆಗೆದುಕೊಂಡರೆ ಉಳಿಯುವುದು 34,000. ಮೂವತ್ತು ಸಾವಿರ ಮೈಲಿ ಎಂದರೆ ನನ್ನ ಪಾಲಿಗೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಮೂರು ಸಲ ಹೋಗಿ ಬಂದಷ್ಟು. ಮೂರು ಸಲ ಮಗಳು ಮಲಗಿರುವಾಗ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು, ಹೆಬ್ಬಾಳದ ಫ್ಲೈಓವರ್ ದಾಟಿ, ನಡುರಾತ್ರಿಯ ವಿಮಾನ ಹತ್ತಿದ್ದು. ಅದು ಒಂದು ಇಮೇಲ್‌ನಲ್ಲಿ ಹೋಯಿತು.

ಸಿಟ್ಟು ಎರಡು ದಿನದಲ್ಲಿ ಇಳಿಯಿತು. ಆದರೆ ಒಂದು ಪ್ರಶ್ನೆ ಮಾತ್ರ ಬಿಡಲಿಲ್ಲ. ನಾನು ಅದನ್ನು ಯಾಕೆ ಖರ್ಚು ಮಾಡಿರಲಿಲ್ಲ? ಆ ಸೀಟು ಯಾರಿಗಾಗಿ ಅಂತ ನನಗೆ ಮೊದಲಿನಿಂದ ಗೊತ್ತಿತ್ತು. ತಂಗಿ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ಅಮ್ಮ ಇರುವುದು ದಾವಣಗೆರೆಯಲ್ಲಿ. ಅಮ್ಮನಿಗೆ ಮಂಡಿನೋವು. ಮೈಲಿ ಸಾಕಷ್ಟು ಇತ್ತು. ಆದರೂ "ಇನ್ನೊಂದಿಷ್ಟು ಆಗಲಿ" ಎಂದುಕೊಂಡು ಇಟ್ಟುಕೊಂಡೇ ಇದ್ದೆ.

ಕೂಡಿಡುವ ಬುದ್ಧಿ

ಈ ಬುದ್ಧಿ ಎಲ್ಲಿಂದ ಬಂತು ಅಂತ ಹುಡುಕಬೇಕಿಲ್ಲ. ನಮ್ಮ ಮನೆಯಲ್ಲಿ ದುಡ್ಡು ಇರುತ್ತಿದ್ದದ್ದು ಸಾಸಿವೆ ಡಬ್ಬಿಯಲ್ಲಿ. ಅಪ್ಪ ಸಂಬಳ ತಂದು ಕೊಟ್ಟ ದಿನ ಅಮ್ಮ ಅದರಲ್ಲಿ ಒಂದೆರಡು ನೋಟು ಮಡಚಿ ಸಾಸಿವೆಯ ಒಳಗೆ ಹೂತಿಡುತ್ತಿದ್ದಳು. ಶಾಲೆಯ ಫೀಸು, ತಂಗಿಯ ಕನ್ನಡಕ, ನನ್ನ ಮೊದಲ ಇಂಟರ್‌ವ್ಯೂಗೆ ಹೊಲಿಸಿದ ಪ್ಯಾಂಟು, ಎಲ್ಲ ಬಂದದ್ದು ಆ ಡಬ್ಬಿಯಿಂದ. ನೋಟಿಗೆ ಯಾವಾಗಲೂ ಸಾಸಿವೆಯ ವಾಸನೆ ಇರುತ್ತಿತ್ತು. ಇರುವುದನ್ನು ಮುಟ್ಟಬಾರದು, ಕಷ್ಟಕ್ಕೆ ಇರಲಿ ಎನ್ನುವುದನ್ನು ಅವಳು ನಮಗೆ ಬಾಯಿಬಿಟ್ಟು ಹೇಳಲಿಲ್ಲ. ನಾವು ನೋಡಿಯೇ ಕಲಿತೆವು.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ರದ್ದಾದಾಗ ನಾನು ಬೆಂಗಳೂರಿನಲ್ಲಿದ್ದೆ. ಮರುದಿನ ಅಮ್ಮ ಫೋನ್ ಮಾಡಿ, ಮೆಲ್ಲಗಿನ ದನಿಯಲ್ಲಿ, "ಒಂದ್ಸಲ ಬಂದು ಹೋಗ್ತೀಯಾ" ಎಂದಳು. ಹೋದೆ. ಡಬ್ಬಿಯಲ್ಲಿ 23,500 ರೂಪಾಯಿ ಇತ್ತು, ಎಲ್ಲ ಐನೂರರ ನೋಟು. ಅಪ್ಪನಿಗೆ ಗೊತ್ತಿರಲಿಲ್ಲ, ನನಗೂ ಅಷ್ಟಿದೆ ಅಂತ ಗೊತ್ತಿರಲಿಲ್ಲ. ಇಬ್ಬರೂ ಬ್ಯಾಂಕಿನ ಮುಂದೆ ಬಿಸಿಲಲ್ಲಿ ನಿಂತು ಅವಳ ಖಾತೆಗೆ ಕಟ್ಟಿ ಬಂದೆವು. ವಾಪಸ್ ಬರುವಾಗ ಆಟೋದಲ್ಲಿ ಅವಳು, "ದುಡ್ಡೇನೋ ಉಳೀತು, ಗುಟ್ಟು ಹೋಯ್ತು" ಎಂದಳು. ಆಮೇಲೆ ಮಾತಾಡಲಿಲ್ಲ.

ಫೆಬ್ರವರಿಯ ಆ ಇಮೇಲ್ ಓದಿದಾಗ ನನಗೆ ನೆನಪಾದದ್ದು ಈ ಆಟೋ. ಅಮ್ಮನಿಗೆ ಡಿಸೆಂಬರ್ 30ರವರೆಗೆ ಸಮಯವಿತ್ತು, ನಿಲ್ಲಲು ಒಂದು ಕ್ಯೂ ಇತ್ತು. ಐನೂರಕ್ಕೆ ಐನೂರೇ ಸಿಕ್ಕಿತು. ಮೈಲಿಯ ಬೆಲೆ ಇಳಿದಾಗ ಹೋಗಿ ನಿಲ್ಲಲು ಯಾವ ಕ್ಯೂ ಕೂಡ ಇಲ್ಲ.

ಮುದ್ರಿಸುವವರೂ ಅವರೇ, ಬೆಲೆ ಕಟ್ಟುವವರೂ ಅವರೇ

ಮೈಲಿ ಎಂದರೆ ನನ್ನ ದುಡ್ಡು ಅಂತ ನಾನು ತಿಳಿದಿದ್ದೇ ತಪ್ಪು. 1978ರಲ್ಲಿ ಅಮೆರಿಕದ ಸರ್ಕಾರ ವಿಮಾನಯಾನದ ಮೇಲಿದ್ದ ದರ ನಿಯಂತ್ರಣ ಸಡಿಲಿಸಿತು. ಕಂಪನಿಗಳ ನಡುವೆ ಪೈಪೋಟಿ ಶುರುವಾಯಿತು. ಗಿರಾಕಿ ಬೇರೆ ಕಡೆ ಹೋಗದಿರಲಿ ಅಂತ ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಅಡ್ವಾಂಟೇಜ್ ಎಂಬ ಮೈಲಿ ಕಾರ್ಯಕ್ರಮ ಶುರುಮಾಡಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನದನ್ನು ತಂದಿತು. ಆಗ ಅದು ನಿಷ್ಠೆಗೆ ಕೊಟ್ಟ ಬಹುಮಾನ. ಈಗ ಅದೇ ಒಂದು ದೊಡ್ಡ ವ್ಯಾಪಾರ. ಕಂಪನಿಗಳು ಮೈಲಿಗಳನ್ನು ಬ್ಯಾಂಕುಗಳಿಗೆ ಮಾರುತ್ತವೆ, ಬ್ಯಾಂಕು ಅದನ್ನು ಕ್ರೆಡಿಟ್ ಕಾರ್ಡ್ ಮೂಲಕ ನಮಗೆ ಕೊಡುತ್ತದೆ. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನಿಂತಾಗ ಯುನೈಟೆಡ್ ಸಾಲಕ್ಕೆ ಅಡವಿಟ್ಟದ್ದು ಇದೇ ಮೈಲಿ ಕಾರ್ಯಕ್ರಮವನ್ನು. ಅದರ ಬೆಲೆ ಸುಮಾರು 2,200 ಕೋಟಿ ಡಾಲರ್ ಎಂದು ಕಂಪನಿ ಅಂದಾಜು ಕಟ್ಟಿತ್ತು. ಹಾರದೆ ನಿಂತಿದ್ದ ದಿನಗಳಲ್ಲೂ ಬೆಲೆ ಇದ್ದದ್ದು ಮೈಲಿಗೆ!

ಎಷ್ಟು ಮುದ್ರಿಸಬೇಕು ಎನ್ನುವುದೂ ಅವರ ಕೈಯಲ್ಲಿ, ಒಂದು ಸೀಟಿಗೆ ಎಷ್ಟು ಕೇಳಬೇಕು ಎನ್ನುವುದೂ ಅವರ ಕೈಯಲ್ಲಿ. ಹೀಗಿರುವಾಗ ಬೆಲೆ ಇಳಿಯದೆ ಇರುತ್ತದಾ? ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಬಡ್ಡಿಯಾದರೂ ಬರುತ್ತದೆ, ಮೈಲಿಗೆ ಅದೂ ಇಲ್ಲ. ಕಂಪನಿಯೇ ಹೋಗಬಹುದು ಕೂಡ. ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ನಿಂತಿತು. ಜೆಟ್‌ನ ಮೈಲಿ ಕಾರ್ಯಕ್ರಮ ಬೇರೆಯೇ ಕಂಪನಿಯಾಗಿದ್ದರಿಂದ ಅದು ಉಳಿದು ಇಂಟರ್‌ಮೈಲ್ಸ್ ಆಯಿತು. ಆದರೆ ಆ ಮೈಲಿ ಕೊಟ್ಟು ಹತ್ತಬೇಕೆಂದುಕೊಂಡಿದ್ದ ವಿಮಾನವೇ ಇರಲಿಲ್ಲ.

ಮೈಲಿ ಹಾಲಿನ ಹಾಗೆ. ಹೆಪ್ಪು ಹಾಕಿಯಾದರೂ, ಕಾಫಿ ಮಾಡಿಯಾದರೂ ಬಳಸಿಬಿಡಬೇಕು. ನಾನು ಅದನ್ನು ಚಿನ್ನ ಎಂದುಕೊಂಡು ಬೀರುವಿನಲ್ಲಿ ಇಟ್ಟಿದ್ದೆ.

ಗಾಜಿನ ಆಚೆ

2018ರಲ್ಲಿ ತಂಗಿಗೆ ಮೊದಲ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕಿತ್ತು. ನನ್ನ ಖಾತೆಯಲ್ಲಿ ಆಗ 96,000 ಮೈಲಿ. ಅಮ್ಮನನ್ನು ಆರಾಮಾಗಿ ಮಲಗಿಸಿ ಕಳಿಸಲು 75,000 ಸಾಕಿತ್ತು. ನಾನು ಕಳಿಸಲಿಲ್ಲ. ಆಫರ್‌ನಲ್ಲಿ ಸಿಕ್ಕ ಎಕಾನಮಿ ಟಿಕೆಟ್ ತೆಗೆದೆ, ನಡುವೆ ಎರಡು ಕಡೆ ಇಳಿದು ಹತ್ತುವಂಥದ್ದು. ಮೈಲಿ ಮುಂದೆ ಯಾವಾಗಲಾದರೂ ದೊಡ್ಡದಕ್ಕೆ ಬೇಕಾಗುತ್ತದೆ ಅಂದುಕೊಂಡೆ. ಅದಕ್ಕಿಂತ ದೊಡ್ಡದು ಏನಿತ್ತು ಅಂತ ಇವತ್ತು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ.

ಎರಡು ಸೂಟ್‌ಕೇಸ್, ಒಂದೊಂದು 23 ಕೆಜಿ. ಅಂಟಿನುಂಡೆ, ಕೊಬ್ಬರಿ, ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಗುವಿಗೆ ಹಳೆ ಸೀರೆಯ ಮೆತ್ತನೆ ಬಟ್ಟೆ. ಮನೆಯಲ್ಲಿ ತೂಗಿಯೇ ತಂದಿದ್ದೆವು. ಟಿಕೆಟ್ ಇಲ್ಲದವರನ್ನು ವಿಮಾನ ನಿಲ್ದಾಣದೊಳಗೆ ಬಿಡುವುದಿಲ್ಲವಲ್ಲ, ನಾನು ಗಾಜಿನ ಆಚೆ ನಿಂತಿದ್ದೆ. ಫೋನ್ ಬಂತು. "ಮೂರು ಕೆಜಿ ಜಾಸ್ತಿ ಅಂತೆ ಕಣೋ." ನಮ್ಮ ಮನೆಯ ತಕ್ಕಡಿ ತಪ್ಪು ತೋರಿಸಿತ್ತು. ದುಡ್ಡು ಕಟ್ಟು ಎಂದೆ. ಅವಳು ಮೊತ್ತ ಕೇಳಿ ಒಪ್ಪಲಿಲ್ಲ. ಕ್ಯೂನಲ್ಲಿದ್ದ ಯಾರೋ ಓದುವ ಹುಡುಗಿ ಅವಳಿಗೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಕೊಟ್ಟಳಂತೆ. ಸ್ವಲ್ಪ ಹೊತ್ತಿಗೆ ಅಮ್ಮ ಬಾಗಿಲ ಹತ್ತಿರ ಬಂದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದನ್ನು ಬಾಗಿಲಲ್ಲಿದ್ದ ಕಾವಲುಗಾರನ ಕೈಗೆ ಕೊಟ್ಟಳು, ಅವನು ನನಗೆ ಕೊಟ್ಟ. ಒಳಗೆ ರೊಟ್ಟಿ ಕಟ್ಟು ಮತ್ತು ಚಟ್ನಿಪುಡಿ. ಉಂಡೆ ಬಿಟ್ಟಿರಲಿಲ್ಲ. "ರೊಟ್ಟಿ ಅಲ್ಲೇ ತಟ್ತೀನಿ, ಉಂಡೆ ಬಾಣಂತಿಗೆ ಬೇಕು" ಎಂದು ಫೋನಿನಲ್ಲಿ ಹೇಳಿದಳು. ಗಾಜಿನ ಆಚೆ ಬಾಯಿ ಅಲ್ಲಾಡುತ್ತಿತ್ತು, ದನಿ ನನ್ನ ಕಿವಿಯಲ್ಲಿತ್ತು.

ಆ ಹೊತ್ತಿನಲ್ಲಿ ನನ್ನ ಜೇಬಿನಲ್ಲಿ ಸ್ಟಾರ್ ಅಲಯನ್ಸ್ ಗೋಲ್ಡ್ ಕಾರ್ಡ್ ಇತ್ತು. ಸ್ಟಾರ್ ಅಲಯನ್ಸ್ ಎಂದರೆ ಹಲವು ವಿಮಾನ ಕಂಪನಿಗಳ ಗುಂಪು, ಗೋಲ್ಡ್ ಎಂದರೆ ಅದರಲ್ಲಿ ಹೆಚ್ಚು ಹಾರುವವರಿಗೆ ಸಿಗುವ ದರ್ಜೆ. ಅದೇ ಗುಂಪಿನ ವಿಮಾನದಲ್ಲಿ ನಾನೂ ಜೊತೆಗೆ ಹೋಗಿದ್ದರೆ ಇನ್ನೊಂದು ಇಡೀ ಪೆಟ್ಟಿಗೆ ಬಿಟ್ಟಿಯಾಗಿ ಹೋಗುತ್ತಿತ್ತು. ಎಕಾನಮಿ ಟಿಕೆಟ್ ಇದ್ದರೂ ಬಿಸಿನೆಸ್ ಕೌಂಟರ್‌ನಲ್ಲಿ ನಿಲ್ಲಬಹುದಿತ್ತು. ಅದೇ ವಿಮಾನದ ಒಬ್ಬರನ್ನು ಲೌಂಜ್‌ಗೆ ಕರೆದುಕೊಂಡು ಹೋಗಬಹುದಿತ್ತು. ಆದರೆ ಕಾರ್ಡ್ ನನ್ನದು, ಪ್ರಯಾಣ ಅವಳದು. ಇಂಥ ದರ್ಜೆ, ಅಂದರೆ ಎಲೀಟ್ ಸ್ಟೇಟಸ್ ಬಗ್ಗೆ ಮೊದಲು ತಿಳಿಯಬೇಕಾದದ್ದೇ ಇದು. ಮೈಲಿಯನ್ನು ಬೇರೆಯವರಿಗೆ ಖರ್ಚು ಮಾಡಬಹುದು, ಸ್ಟೇಟಸ್ ಅನ್ನು ಕೊಡಲಾಗದು. ಅದು ನಾವು ಕೂತ ವಿಮಾನದಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಸಿಂಗಪುರದ ಭಾನುವಾರ

ಆ ಗೋಲ್ಡ್ ಉಳಿಸಿಕೊಳ್ಳಲು ನಾನು ಒಂದು ಕೆಲಸ ಮಾಡಿದ್ದೆ. 2017ರ ಡಿಸೆಂಬರ್‌ನಲ್ಲಿ ಲೆಕ್ಕ ಹಾಕಿದಾಗ ಅದಕ್ಕೆ ಹಾರಬೇಕಾದ ದೂರದಲ್ಲಿ ಮೂರು ಸಾವಿರ ಮೈಲಿ ಕಮ್ಮಿ ಇತ್ತು. ಸುಮ್ನೆ ಸಿಂಗಪುರಕ್ಕೆ ಹೋಗಿ ಬಂದೆ. ಶನಿವಾರ ರಾತ್ರಿ ಹೊರಟೆ, ನಾಲ್ಕೂವರೆ ಗಂಟೆ ಹಾರಾಟ, ಅಲ್ಲಿನ ಚಾಂಗಿ ವಿಮಾನ ನಿಲ್ದಾಣದಲ್ಲಿ ಒಂದು ಹಗಲು, ಭಾನುವಾರ ರಾತ್ರಿ ವಾಪಸ್. ಊರೊಳಗೆ ಕಾಲಿಡಲಿಲ್ಲ. ಮೈಲಿಗೋಸ್ಕರವೇ ಹೀಗೆ ಹಾರುವುದನ್ನು ಬಲ್ಲವರು ಮೈಲೇಜ್ ರನ್ ಎನ್ನುತ್ತಾರೆ. ಆ ಭಾನುವಾರ ನಾನು ದಾವಣಗೆರೆಗೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಧನುರ್ಮಾಸದ ಹುಗ್ಗಿ ಮಾಡಿ ಅಮ್ಮ ಕಾದಿದ್ದಳು. "ಆಫೀಸ್ ಕೆಲಸ" ಎಂದೆ. ಅವಳು ನಂಬಿದಳು. ಆ ಸುಳ್ಳು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಇಂಥ ಓಟಕ್ಕೆ ಈಗ ಅರ್ಥವೂ ಕಮ್ಮಿಯಾಗಿದೆ. ಎಷ್ಟು ದೂರ ಹಾರಿದಿರಿ ಎಂದು ಕೇಳುತ್ತಿದ್ದ ಕಂಪನಿಗಳು ಈಗ ಎಷ್ಟು ಖರ್ಚು ಮಾಡಿದಿರಿ ಎಂದು ಕೇಳುತ್ತವೆ. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ ಮೈಲಿಯನ್ನು ಟಿಕೆಟ್ಟಿನ ಬೆಲೆಗೆ ಕಟ್ಟಿಹಾಕಿದವು, ಅಮೆರಿಕನ್ 2016ರಲ್ಲಿ. ಏರ್ ಇಂಡಿಯಾ 2024ರಲ್ಲಿ ಅದೇ ದಾರಿ ಹಿಡಿಯಿತು. ಬ್ರಿಟಿಷ್ ಏರ್‌ವೇಸ್ 2025ರಲ್ಲಿ ಸ್ಟೇಟಸ್ಸನ್ನೇ ಖರ್ಚಿನ ಮೇಲೆ ಅಳೆಯಲು ಶುರುಮಾಡಿತು. ಆಫೀಸು ದುಬಾರಿ ಟಿಕೆಟ್ ಕೊಟ್ಟು ಕಳಿಸುವವರಿಗೆ ಸ್ಟೇಟಸ್ ತಾನಾಗಿ ಬರುತ್ತದೆ, ಬರಲಿ. ಸ್ವಂತ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಹಾರುವವರು ಅದರ ಹಿಂದೆ ಓಡುವುದು ಬೇಡ ಎಂದೇ ನನಗನ್ನಿಸುತ್ತದೆ. ಆ ದುಡ್ಡಿಗೆ ಒಂದು ಹೆಚ್ಚುವರಿ ಪೆಟ್ಟಿಗೆಯನ್ನು ನೇರವಾಗಿ ಕೊಂಡರೆ ಆಯಿತು.

ಈಗ ನಾನು ಮಾಡುವುದು

ಇಮೇಲ್ ಬಂದ ಮೇಲೆ ನನ್ನ ರೂಢಿ ಬದಲಾಯಿತು. ನನ್ನನ್ನು ಕೇಳುವವರಿಗೂ ಇದನ್ನೇ ಹೇಳುತ್ತೇನೆ. ಮೈಲಿ ಯಾವ ಖಾತೆಗೆ ಹೋಗಬೇಕು ಎಂದು ಮೊದಲೇ ನಿರ್ಧರಿಸಿ. ಒಂದು ಕಂಪನಿಯ ವಿಮಾನ ಹತ್ತಿ, ಅದೇ ಗುಂಪಿನ ಇನ್ನೊಂದು ಕಂಪನಿಯ ಖಾತೆಗೆ ಮೈಲಿ ಹಾಕಿಸಬಹುದು. ಬಹಳ ಜನಕ್ಕೆ ಇದು ಗೊತ್ತಿಲ್ಲ. ಆದರೆ ಟಿಕೆಟ್ಟಿನ ಮೇಲೆ ಒಂದೇ ಒಂದು ಅಕ್ಷರ ಇರುತ್ತದೆ, ಬುಕಿಂಗ್ ಕ್ಲಾಸ್ ಎನ್ನುತ್ತಾರೆ. ಅದರ ಮೇಲೆ ಪೂರ್ತಿ ಮೈಲಿ ಸಿಗುತ್ತದೋ, ಕಾಲುಭಾಗವೋ, ಸೊನ್ನೆಯೋ ಎನ್ನುವುದು ನಿಂತಿದೆ. ಅಗ್ಗದ ಟಿಕೆಟ್ಟಿಗೆ ಎಷ್ಟೋ ಸಲ ಸೊನ್ನೆಯೇ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಮೈಲಿ ಬರದಿದ್ದರೆ ಕೇಳಿ ಪಡೆಯಲು ಅದೇ ಆಧಾರ.

ಅವಧಿಯನ್ನೂ ನೋಡಿಕೊಳ್ಳಿ. ಯುನೈಟೆಡ್, ಡೆಲ್ಟಾ ಮೈಲಿಗೆ ಅವಧಿ ಇಲ್ಲ. ಸಿಂಗಪುರ್ ಏರ್‌ಲೈನ್ಸ್‌ನ ಮೈಲಿ ಮೂರು ವರ್ಷಕ್ಕೆ ಮುಗಿಯುತ್ತದೆ, ನೀವು ಹಾರುತ್ತಿದ್ದರೂ ಅಷ್ಟೇ. ಇನ್ನು ಮೈಲಿ ಟಿಕೆಟ್ ಎಂದರೆ ಪೂರ್ತಿ ಬಿಟ್ಟಿ ಅಲ್ಲ, ತೆರಿಗೆ ಕಟ್ಟಬೇಕು. ಕೆಲವರು ಅದರ ಮೇಲೆ ಇಂಧನದ ಹೆಸರಲ್ಲಿ ದೊಡ್ಡ ಮೊತ್ತ ಸೇರಿಸುತ್ತಾರೆ. ಲುಫ್ತಾನ್ಸಾ ವಿಮಾನದ ಒಂದೇ ಸೀಟನ್ನು ಅವರದೇ ಮೈಲ್ಸ್ ಅಂಡ್ ಮೋರ್ ಮೂಲಕ ತೆಗೆದರೆ ಆ ಮೊತ್ತ ಕಟ್ಟಬೇಕು, ಯುನೈಟೆಡ್ ಅಥವಾ ಏರ್ ಕೆನಡಾದ ಮೈಲಿಯಲ್ಲಿ ತೆಗೆದರೆ ಅದು ಇರುವುದಿಲ್ಲ. ಕ್ರೆಡಿಟ್ ಕಾರ್ಡಿನ ಪಾಯಿಂಟನ್ನು ಮೈಲಿ ಮಾಡುವ ಮುನ್ನ ಸೀಟು ಖಾಲಿ ಇದೆಯಾ ನೋಡಿ. ಒಮ್ಮೆ ಮೈಲಿಯಾದ ಪಾಯಿಂಟು ವಾಪಸ್ ಬರುವುದಿಲ್ಲ. ಪಾಯಿಂಟಾಗಿದ್ದಾಗ ಅದಕ್ಕೆ ಹತ್ತು ದಾರಿ, ಮೈಲಿಯಾದ ಮೇಲೆ ಒಂದೇ ದಾರಿ.

ಮೈಲಿಯ ಬೆಲೆ ಅಳೆಯಲು ಒಂದು ಸುಲಭ ಲೆಕ್ಕ ಇದೆ. ಟಿಕೆಟ್ಟಿನ ಬೆಲೆಯಲ್ಲಿ ನೀವು ಹೇಗೂ ಕಟ್ಟುವ ತೆರಿಗೆ ಕಳೆದು, ಉಳಿದದ್ದನ್ನು ಮೈಲಿಯಿಂದ ಭಾಗಿಸುವುದು. ನಾನು ನೋಡಿದ ಒಂದು ಎಕಾನಮಿ ಟಿಕೆಟ್ 92,000 ರೂಪಾಯಿ, ತೆರಿಗೆ 7,000, ಮೈಲಿಯಲ್ಲಾದರೆ 70,000. ಅಂದರೆ ಮೈಲಿಗೆ ಒಂದು ರೂಪಾಯಿ ಇಪ್ಪತ್ತು ಪೈಸೆ. ಅದೇ ಬಿಸಿನೆಸ್ ಸೀಟು ಮೂರು ಲಕ್ಷ ದಾಟುತ್ತಿತ್ತು, ಮೈಲಿಯಲ್ಲಾದರೆ 90,000. ಅಂದರೆ ಮೈಲಿಗೆ ಮೂರು ರೂಪಾಯಿಗೂ ಮೇಲೆ. ಬಹಳ ಜನ ಈ ಮೂರು ರೂಪಾಯಿಯನ್ನೇ ಗೆಲುವು ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮೂರು ಲಕ್ಷ ಕೊಟ್ಟು ನಾನು ಆ ಸೀಟನ್ನು ಯಾವತ್ತೂ ಕೊಳ್ಳುತ್ತಿರಲಿಲ್ಲ. ಕೊಳ್ಳದ ವಸ್ತುವಿನ ಬೆಲೆಯಿಂದ ನನ್ನ ಮೈಲಿಯ ಬೆಲೆ ಹೇಗೆ ಅಳೆಯಲಿ? 2018ರಲ್ಲಿ ಸನ್ನಿವೇಲ್ ತಲುಪಿದ ಮೇಲೆ ಅಮ್ಮನ ಪಾದ ಊದಿಕೊಂಡಿತ್ತು. ತಂಗಿ ಫೋಟೋ ಕಳಿಸಿದ್ದಳು. ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು. ನನ್ನ ಮಟ್ಟಿಗೆ ಅಳತೆ ಅದು.

ಅಕ್ಟೋಬರ್

2023ರ ಏಪ್ರಿಲ್‌ನಲ್ಲಿ ತಂಗಿ ಫೋನ್ ಮಾಡಿ ಎರಡನೆಯದು ಎಂದಳು. ಈ ಸಲ ನಾನು ಒಂದು ವಾರವೂ ಕಾಯಲಿಲ್ಲ. ರಜೆ ಕೇಳಿದೆ, ಅಮ್ಮನ ಜೊತೆ ನಾನೂ ಹೊರಡುವುದು ಎಂದು ನಿರ್ಧರಿಸಿದೆ. ಒಂದೇ ವಿಮಾನದಲ್ಲಿ ಎರಡು ಮೈಲಿ ಸೀಟು ಸಿಗುವುದು ಕಷ್ಟ. ಬಹುತೇಕ ಕಂಪನಿಗಳು ಹತ್ತಿರ ಹತ್ತಿರ ಒಂದು ವರ್ಷ ಮುಂಚೆ ಕೆಲವನ್ನು ಬಿಡುತ್ತವೆ, ಹೊರಡುವ ದಿನ ಹತ್ತಿರವಾದಾಗ ಉಳಿದವನ್ನು. ನಡುವೆ ಬರ. ಹದಿನೈದು ದಿನ ಬೆಳಿಗ್ಗೆ ಎದ್ದ ಕೂಡಲೇ ಹುಡುಕಿದೆ. ಯುರೋಪಿನಲ್ಲಿ ಇಳಿದು ಹತ್ತುವ ಒಂದು ಜೋಡಿ ಸಿಕ್ಕಿತು, ಸೀಟು ಬಹಳ ಚೆಂದ ಎಂದು ಎಲ್ಲರೂ ಹೊಗಳುವಂಥದ್ದು. ಬಿಟ್ಟೆ. 2021ರ ಜನವರಿಯಿಂದ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಏರ್ ಇಂಡಿಯಾದ ನೇರ ವಿಮಾನ ಶುರುವಾಗಿತ್ತು. ಮಂಡಿನೋವಿನವರಿಗೆ ನಡುವೆ ಇಳಿದು, ಗೇಟು ಹುಡುಕಿ, ಮತ್ತೆ ಸೆಕ್ಯುರಿಟಿ ದಾಟಿ ನಡೆಯುವುದೇ ದೊಡ್ಡ ಕಷ್ಟ. ಕೊನೆಗೆ ಅಕ್ಟೋಬರ್‌ನ ಒಂದು ಮಂಗಳವಾರಕ್ಕೆ ನೇರ ವಿಮಾನದಲ್ಲಿ ಎರಡು ಸೀಟು ಕಂಡಿತು. 1,80,000 ಮೈಲಿ. ಒತ್ತುವಾಗ ಕೈ ಒಂದು ಕ್ಷಣ ನಿಂತಿತು. ಏಳು ವರ್ಷದ ಡಬ್ಬಿ ಖಾಲಿಯಾಗುತ್ತಿದೆ ಅಂತ ಅನ್ನಿಸಿತು. ಒತ್ತಿದೆ.

ಹೊಸ ಟರ್ಮಿನಲ್‌ನಲ್ಲಿ ಅಮ್ಮ ತಲೆಯೆತ್ತಿ ಬಿದಿರಿನ ಚಾವಣಿ ನೋಡುತ್ತಾ ನಡೆದಳು. ಮೇಲಿನಿಂದ ತೂಗುವ ಗಿಡಗಳಿಗೆ ನೀರು ಹೇಗೆ ಹಾಕುತ್ತಾರೆ ಎಂದು ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ, ಗಾಜು ಇರಲಿಲ್ಲ. ಪೆಟ್ಟಿಗೆಗಳನ್ನು ತಕ್ಕಡಿಗೆ ಎತ್ತಿಟ್ಟಾಗ ಅವಳು ನನ್ನ ತೋಳು ಹಿಡಿದುಕೊಂಡು ಅಂಕಿಯನ್ನೇ ನೋಡುತ್ತಿದ್ದಳು. ಯಾರೂ ಏನೂ ಹೇಳಲಿಲ್ಲ. ಪೆಟ್ಟಿಗೆ ಬೆಲ್ಟಿನ ಮೇಲೆ ಹೋಯಿತು. ರೊಟ್ಟಿಯೂ ಹೋಯಿತು, ಚಟ್ನಿಪುಡಿಯೂ ಹೋಯಿತು.

ವಿಮಾನ ಮೇಲೇರಿದ ಮೇಲೆ ಸೀಟನ್ನು ಹಾಸಿಗೆ ಮಾಡುವುದು ಹೇಗೆ ಅಂತ ತೋರಿಸಿಕೊಟ್ಟೆ. ಅವಳು ಮಲಗಲಿಲ್ಲ. ಅಗಲವನ್ನು ಕೈಯಿಂದ ಅಳೆದು ನೋಡಿದಳು. ಮೆಲ್ಲಗೆ ಒಂದು ಕಾಲು ಎತ್ತಿಟ್ಟಳು, ಆಮೇಲೆ ಇನ್ನೊಂದು. ಮನೆಯಲ್ಲಿ ಮಂಚದ ಮೇಲೆ ಕೂರುವ ಹಾಗೆ ಕಾಲು ಮಡಚಿ ಕೂತಳು. ಸೆರಗು ಸರಿಮಾಡಿಕೊಂಡು, ಚೀಲದಿಂದ ಮಂಡಕ್ಕಿ ತೆಗೆದು ನನಗೂ ಒಂದು ಹಿಡಿ ಕೊಟ್ಟಳು.

"ಬರುವಾಗಲೂ ಇದೇ ಸೀಟಾ?" ಎಂದಳು.

ಇಲ್ಲಮ್ಮ, ಬರುವಾಗ ಮಾಮೂಲಿ ಸೀಟು, ಮೈಲಿ ಇಷ್ಟಕ್ಕೇ ಆಯಿತು, ಆದರೆ ಆಗಲೂ ನೇರ ವಿಮಾನವೇ, ವೀಲ್‌ಚೇರ್ ಹೇಳಿದ್ದೇನೆ ಎಂದೆ.

"ಹಾಗಾದ್ರೆ ಈಗ ನಿದ್ದೆ ಮಾಡಲ್ಲ ಬಿಡು" ಎಂದು ಕಿಟಕಿಯ ಕಡೆ ತಿರುಗಿದಳು.